ಬೆರಳಿಗೆ ಸಿಗದ ಮೊಳೆ

ದಾವಣಗೆರೆಯಲ್ಲಿ ಆಗ ಕಾರು ಇಟ್ಟವರನ್ನು ಹೆಸರು ಹಿಡಿದು ಹೇಳಬಹುದಿತ್ತು. ಹತ್ತಿ ಗಿರಣಿಯವರು, ದಲಾಲಿ ಮಂಡಿಯ ಸಾಹುಕಾರರು, ಒಂದಿಬ್ಬರು ಡಾಕ್ಟರು, ಬಾಡಿಗೆ ಕಾರಿನ ನಾಲ್ಕಾರು ಜನ. ಅವರೆಲ್ಲರ ಚಕ್ರಗಳೂ ಒಂದಲ್ಲ ಒಂದು ದಿನ ಪೂನಾ ರಸ್ತೆಯ ಮಗ್ಗುಲಲ್ಲಿದ್ದ ಮಸ್ತಾನಸಾಬನ ತಗಡಿನ ಅಂಗಡಿಯ ಮುಂದೆ ಮಲಗಿ ಎದ್ದಿದ್ದವು. ಅಂಗಡಿಗೆ ಬೋರ್ಡು ಇರಲಿಲ್ಲ. ಎದುರಿನ ಬೇವಿನ ಮರದ ಟೊಂಗೆಗೆ ಸವೆದ ಟೈರೊಂದನ್ನು ನೇತುಹಾಕಿದ್ದ, ಅಷ್ಟೇ. “ಮಸ್ತಾನ ಹಾಕಿದ ತೇಪೆ, ಟ್ಯೂಬು ಹರಿದ್ರೂ ಬಿಡಲ್ಲ” ಎಂದು ಡ್ರೈವರುಗಳು ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ತಲೆ ತಗ್ಗಿಸಿ ಕೆಲಸ ಮುಂದುವರಿಸುತ್ತಿದ್ದ. ಆದರೆ ಮೀಸೆಯ ಕೆಳಗೆ ನಗು ಇರುತ್ತಿತ್ತು.

ಹುಟ್ಟಿದ್ದು ಹರಿಹರದ ಹತ್ತಿರದ ಗುತ್ತೂರಿನಲ್ಲಿ, ಪಿಂಜಾರರ ಮನೆಯಲ್ಲಿ. ಅಪ್ಪ ಮೌಲಾ ಸಾಬ್ ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ನಂದಿಗುಡಿ ಕಡೆಯ ಹಳ್ಳಿಗಳನ್ನು ತಿರುಗುತ್ತಿದ್ದ. ಜನರ ಗಾದಿ ಬಿಚ್ಚಿ, ಗಂಟು ಕಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವುದು ಅವನ ಕೆಲಸ. ಮಗನೂ ಹದಿನೆಂಟರವರೆಗೆ ಅದನ್ನೇ ಮಾಡಿದ. ಆಮೇಲೆ ಯುದ್ಧ ಬಂತು. ಬೆಂಗಳೂರಿನಲ್ಲಿ ಮಿಲಿಟರಿ ಲಾರಿಗಳ ಕಾರ್ಖಾನೆಗೆ ಆಳು ಬೇಕು ಎಂದು ಯಾರೋ ಹೇಳಿದರು. ಹತ್ತಿಯ ಧೂಳಿನಲ್ಲಿ ಕೆಮ್ಮಿ ಸಾಯುವುದಕ್ಕಿಂತ ಇದೇ ವಾಸಿ ಎಂದು ಅವನು ಹೊರಟ. ಅಲ್ಲಿ ಟೈರಿನ ವಿಭಾಗಕ್ಕೆ ಹಾಕಿದರು. ಮದರಾಸಿನ ಕಡೆಯ ಒಬ್ಬ ಹವಾಲ್ದಾರ ಕೆಲಸ ಕಲಿಸಿದ. ತೂತು ಹುಡುಕಿ ತೇಪೆ ಹಾಕುವುದನ್ನು ಯಾರಾದರೂ ಕಲಿಯುತ್ತಾರೆ, ಚುಚ್ಚಿದ್ದು ಯಾವುದು ಎಂದು ಟೈರಿನ ಒಳಮೈಯಲ್ಲಿ ಕೈಯಾಡಿಸಿ ಹುಡುಕಿ ತೆಗೆಯುವುದೇ ನಿಜವಾದ ಕಸುಬು ಎಂದು ಆ ಹವಾಲ್ದಾರ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಮುಳ್ಳು ಒಳಗೇ ಉಳಿದರೆ ಹೊಸ ಟ್ಯೂಬು ಹಾಕಿದರೂ ನಾಲ್ಕು ಮೈಲಿಗೆ ಗಾಳಿ ಇಳಿಯುತ್ತದೆ. ಯುದ್ಧ ಮುಗಿದ ಮೇಲೆ ಮಸ್ತಾನಸಾಬ್ ಆ ಕಸುಬು ಹಿಡಿದು ದಾವಣಗೆರೆಗೆ ಬಂದ.

ದಾವಣಗೆರೆಯ ರಸ್ತೆಗಳಲ್ಲಿ ಮುಳ್ಳಿಗಿಂತ ಹೆಚ್ಚು ಕಾಟ ಕೊಡುತ್ತಿದ್ದದ್ದು ಎತ್ತಿನ ಲಾಳದ ಮೊಳೆ. ಹತ್ತಿ ಬರುವ ಕಾಲದಲ್ಲಿ ಊರ ತುಂಬ ಗಾಡಿಗಳು. ಎತ್ತಿನ ಕಾಲಿಂದ ಉದುರಿದ ಮೊಳೆ ಕಾರಿನ ಟೈರಿಗೆ ಹೊಕ್ಕು, ತಲೆ ಸವೆದು, ತುದಿ ಮಾತ್ರ ಒಳಗೆ ಉಳಿಯುತ್ತಿತ್ತು. ಹೊರಗಿನಿಂದ ನೋಡಿದರೆ ಕಾಣದು. ಬೆರಳ ತುದಿಗೆ ಅಕ್ಕಿಯ ನುಚ್ಚಿನಷ್ಟು ತಾಗಿದರೆ ತಾಗಿತು. ಮಸ್ತಾನಸಾಬ್ ಕಣ್ಣು ಮುಚ್ಚಿ ಟೈರಿನೊಳಗೆ ಒಂದು ಸುತ್ತು ಕೈ ತಿರುಗಿಸಿದನೆಂದರೆ ಮೊಳೆ ಸಿಕ್ಕಿತೆಂದೇ ಲೆಕ್ಕ.

ಕೆಂಚವೀರಪ್ಪ ಅವನಿಗೆ ಸಿಕ್ಕಿದ್ದು ಹೀಗೆಯೇ, ಒಂದು ಪಂಚರಿನ ದೆಸೆಯಿಂದ. ಹತ್ತಿ ಮಂಡಿಯ ವಾಮದೇವಪ್ಪ ಸಾಹುಕಾರರ ಕಾರಿನ ಡ್ರೈವರು ಅವನು. ದೊಡ್ಡ ಆಳು, ಬಾಯಿ ಜೋರು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವನಲ್ಲ. ಸಾಹುಕಾರರು ಮಂಡಿಯಲ್ಲಿ ಕೂತರೆ ಇವನು ಮಸ್ತಾನಸಾಬನ ಅಂಗಡಿಯಲ್ಲಿ ಕೂರುತ್ತಿದ್ದ. ಎದುರಿನ ಹೋಟೆಲಿನಿಂದ ಒಂದೇ ಕಪ್ಪಿನಲ್ಲಿ ಚಹಾ ತರಿಸಿ, ಅರ್ಧ ಬಸಿಗೆ ಹೊಯ್ದು ಮಸ್ತಾನನ ಕಡೆ ತಳ್ಳಿ, ಉಳಿದದ್ದನ್ನು ತಾನು ಕುಡಿಯುತ್ತಿದ್ದ. ಒಂದೊಂದು ದಿನ ಬಸಿ ಇವನ ಕೈಗೆ, ಕಪ್ಪು ಅವನ ಕೈಗೆ. “ಸಾಬರ ಜತಿ ಎಂಜಲು ಕುಡೀತಿಯಲ್ಲೋ” ಎಂದು ಹೋಟೆಲಿನವನು ಕೆಣಕಿದರೆ, “ಸ್ಟೇರಿಂಗ್ ಹಿಡಿದೋನಿಗೆ ಟೈರ್ ಹಿಡಿದೋನೇ ಅಣ್ಣತಮ್ಮ ಕಣಲೇ” ಎನ್ನುತ್ತಿದ್ದ.

ಹೀಗೆ ಹತ್ತು ವರ್ಷ ನಡೆಯಿತು. ಮಸ್ತಾನಸಾಬನಿಗೆ ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು. ಹೆಂಡತಿ ಸುಗ್ರಾಬಿ ಮಾತು ಕಡಿಮೆ, ಕೆಲಸ ಹೆಚ್ಚು. ಬಾಡಿಗೆ ಮನೆಯಾದರೂ ಮನೆ ಬೆಚ್ಚಗಿತ್ತು.

ಎಡವಟ್ಟು ಶುರುವಾದದ್ದು ಸಣ್ಣದಾಗಿ. ಒಂದು ದಿನ ಬಾಡಿಗೆ ಕಾರಿನ ಕಲ್ಲಪ್ಪ ವಾಪಸು ಬಂದು, ನಿನ್ನೆ ಹಾಕಿದ ಟ್ಯೂಬು ಬೆಳಿಗ್ಗೆ ನೋಡಿದರೆ ಕೂತಿದೆ ಎಂದ. ಮಸ್ತಾನಸಾಬ್ ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ನೋಡಿದ. ತೇಪೆ ಗಟ್ಟಿಯಾಗಿಯೇ ಇತ್ತು. ಅದರ ಪಕ್ಕದಲ್ಲೇ ಹೊಸ ತೂತಿನಿಂದ ಗುಳ್ಳೆ ಏಳುತ್ತಿತ್ತು. ಮತ್ತೊಂದು ಚುಚ್ಚಿಕೊಂಡಿರಬೇಕು ಎಂದುಕೊಂಡು ಕಾಸು ತೆಗೆದುಕೊಳ್ಳದೆ ತೇಪೆ ಹಾಕಿಕೊಟ್ಟ. ಆಮೇಲೆ ಒಬ್ಬ ಡಾಕ್ಟರ ಕಾರು ಬಂತು. ಅದೇ ಕಥೆ. ರಬ್ಬರು ಕಳಪೆ ಎಂದುಕೊಂಡ. ತೇಪೆ ಅಂಟಿಸುವ ಸಲ್ಯೂಷನ್ ಮಾರುವವನ ಜೊತೆ ಬೀದಿಯಲ್ಲಿ ನಿಂತು ಜಗಳವಾಡಿದ. ಬೇರೆ ಡಬ್ಬ ತಂದ. ಆದರೂ ಚಕ್ರಗಳು ಹಿಂದಿರುಗಿ ಬರುವುದು ನಿಲ್ಲಲಿಲ್ಲ. ಟೈರಿನೊಳಗೆ ಒಂದು ಸುತ್ತು ಕೈಯಾಡಿಸುವಲ್ಲಿ ಮೂರು ಸುತ್ತು ಆಡಿಸತೊಡಗಿದ. ಒಳಗೆಲ್ಲ ನುಣ್ಣಗೆ, ಎಣ್ಣೆ ಸವರಿದ ಹಾಗೆ ಇರುತ್ತಿತ್ತು.

ಕೆಂಚವೀರಪ್ಪನ ಕಾರಿಗೂ ಎರಡು ಸಲ ಹೀಗಾಯಿತು. “ಏನ್ ಸಾಬಣ್ಣ, ನಿನ್ ತೇಪಿಗೂ ವಯಸ್ಸಾತೇನು?” ಎಂದು ಅವನು ನಕ್ಕ. ಮಸ್ತಾನಸಾಬನಿಗೆ ನಗು ಬರಲಿಲ್ಲ.

ಮೂರನೆಯ ಸಲ ಆದದ್ದು ಹರಿಹರದಲ್ಲಿ, ತುಂಗಭದ್ರೆಯ ಸೇತುವೆಯ ನಡುಮಧ್ಯೆ. ವಾಮದೇವಪ್ಪನವರು ಹೆಂಡತಿ ಸರ್ವಮಂಗಳಮ್ಮನವರೊಂದಿಗೆ ಮಗಳ ನಿಶ್ಚಿತಾರ್ಥಕ್ಕೆಂದು ರಾಣೆಬೆನ್ನೂರಿಗೆ ಹೊರಟಿದ್ದರು. ಹಿಂದಿನ ಚಕ್ರ ಕೂತಿತು. ಕೆಂಚವೀರಪ್ಪ ಇಳಿದು ಸ್ಟೆಪ್ನಿ ತೆಗೆದರೆ ಅದೂ ಮೆತ್ತಗಾಗಿತ್ತು. ಎರಡೂ ಮಸ್ತಾನಸಾಬನೇ ಮಾಡಿಕೊಟ್ಟಿದ್ದವು. ಇಕ್ಕಟ್ಟಾದ ಸೇತುವೆ. ಮುಂದೆ ಗಾಡಿ, ಹಿಂದೆ ಬಸ್ಸು, ಎರಡೂ ಕಡೆ ಬೈಗುಳ. ಪಟ್ಟೆಸೀರೆಯುಟ್ಟ ಸರ್ವಮಂಗಳಮ್ಮ ಬಿಸಿಲಲ್ಲಿ ತಟ್ಟೆಯ ಹೂವು ಹಣ್ಣು ಹಿಡಿದು ನಿಂತರು. ಕೊನೆಗೆ ಶೇಂಗಾ ಚೀಲದ ಲಾರಿಯೊಂದರಲ್ಲಿ ಕೂತು ಹೋಗುವಷ್ಟರಲ್ಲಿ ಮುಹೂರ್ತ ಮೀರಿತ್ತು. ಗಂಡಿನ ಕಡೆಯ ಅಜ್ಜಿ ಇದು ಅಪಶಕುನ ಎಂದಳು. ಸಂಬಂಧ ಮುರಿಯಿತು.

ಮರುದಿನ ಕೆಂಚವೀರಪ್ಪ ಎರಡೂ ಚಕ್ರಗಳನ್ನು ಲಾರಿಯಲ್ಲಿ ಹಾಕಿಕೊಂಡು ಬಂದು ಅಂಗಡಿಯ ಮುಂದೆ ಇಳಿಸಿದ. ಅವನು ಇನ್ನೂ ಸಂಗತಿ ಹೇಳಿ ಮುಗಿಸಿರಲಿಲ್ಲ, ಟಾಂಗಾದಿಂದ ವಾಮದೇವಪ್ಪನವರೇ ಇಳಿದರು. ಅವರು ಕೂಗಾಡುವ ಮನುಷ್ಯರಲ್ಲ. ಮೆಲ್ಲಗೆ ಕೇಳಿದರು:

“ಏನಪ್ಪ ಕೆಂಚವೀರಪ್ಪ, ಒಂದೊಂದು ಪಂಚರಿಗೆ ನಿನ್ ಪಾಲು ಎಷ್ಟು?”

“ಸಾವ್ಕಾರ್ರೆ, ಎಂಥಾ ಮಾತು ಆಡ್ತೀರಿ! ನನ್ ಮಕ್ಕಳ ಆಣೆ—”

“ಮಕ್ಕಳ ಆಣೆ ಬ್ಯಾಡ. ಇವ್ನು ತೇಪೆ ಹಾಕ್ತಾನೆ, ಗಾಳಿ ಇಳೀತೈತೆ, ನೀನು ಮತ್ತೆ ಇಲ್ಲಿಗೇ ತರ್ತಿ. ಊರಾಗೆ ಬ್ಯಾರೆ ಅಂಗಡಿ ಇಲ್ಲೇನು?”

ಮಸ್ತಾನಸಾಬ್ ಕೈ ಒರೆಸಿಕೊಳ್ಳುತ್ತ ಮುಂದೆ ಬಂದ. “ಸಾವ್ಕಾರ್ರೆ, ಅವಂದೇನೂ ತಪ್ಪಿಲ್ರಿ. ನನ್ ಕೆಲಸದಾಗೆ ಎಲ್ಲೋ ಏನೋ ಕೆಡಕತ್ತೈತೆ. ನಂಗೂ ತಿಳೀವಲ್ದು.”

“ನಿನ್ ಕೆಲಸ ನಾ ಕಂಡಿಲ್ಲೇನು? ಹತ್ತು ವರ್ಷ ಒಂದು ತೇಪೆ ಬಿಟ್ಟಿಲ್ಲ ನೀನು. ಗೊತ್ತಿದ್ದೋನು ಕೆಡಿಸಿದ್ರೆ ಬೇಕಂತ್ಲೇ ಕೆಡಿಸ್ತಾನೆ. ನಿನ್ ಮ್ಯಾಲೆ ನಂಗೆ ಹಕ್ಕಿಲ್ಲ. ಇವ್ನು ನನ್ ಅನ್ನ ತಿಂದೋನು.” ಅವರು ಕೆಂಚವೀರಪ್ಪನ ಕಡೆ ಕೈ ಚಾಚಿದರು. “ಕಾರಿನ ಬೀಗದ ಕೈ ಕೊಡು. ಆ ಹಾಳು ಟೈರು ನೀವೇ ಇಟ್ಕೊಳ್ರಿ.”

ಟಾಂಗಾ ಹೋಯಿತು. ಕೆಂಚವೀರಪ್ಪ ಬೇವಿನ ಮರದ ಬುಡದಲ್ಲಿ ಕೂತ. “ಸಿಟ್ಟು ಇಳಿದ ಮ್ಯಾಲೆ ಕರೀತಾರೆ ಬಿಡು” ಎಂದ. ಅವರು ಕರೆಯಲಿಲ್ಲ.

ಆ ವಾರದ ಶುಕ್ರವಾರ ಮಧ್ಯಾಹ್ನ ಮಸ್ತಾನಸಾಬ್ ನಮಾಜು ಮುಗಿಸಿ ಮನೆಗೆ ಊಟಕ್ಕೆ ಬಂದ. ಸುಗ್ರಾಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ಅವನು ನೇರ ಕೈ ಹಾಕಿ ಎತ್ತಿಕೊಂಡ. ಬಲಗೈಯ ಎರಡು ಬೆರಳು ಕಾದ ಹಂಚಿಗೆ ತಾಗಿ ನಿಂತೇ ಇದ್ದವು. ಅವನು ಮಗಳ ಜೊತೆ ಏನೋ ಮಾತಾಡುತ್ತಿದ್ದ. ಸುಗ್ರಾಬಿಗೆ ಚರ್ಮ ಸೀದ ವಾಸನೆ ಬಂತು.

“ಕೈ ತೆಗೀರಿ!” ಎಂದು ಕಿರುಚಿ ಅವನ ಕೈ ಎಳೆದಳು.

ಅವನು ಬೆರಳು ನೋಡಿಕೊಂಡ. ಬೊಬ್ಬೆ ಏಳುತ್ತಿತ್ತು. ಪಕ್ಕದ ಬೆರಳಿನಲ್ಲಿ ಒಣಗಿದ ಹಳೆಯ ಬೊಬ್ಬೆಯೊಂದಿತ್ತು.

“ಇದು ಯಾವಾಗ ಸುಟ್ಕೊಂಡಿದ್ದು?”

“ಗೊತ್ತಿಲ್ಲ. ಅಂಗಡ್ಯಾಗೆ ಬಿಸಿ ಕಬ್ಬಿಣ ತಾಗಿರಬೇಕು. ಕಸುಬಿನ ಕೈ, ಜಡ್ಡುಗಟ್ಟೈತೆ.”

ಸುಗ್ರಾಬಿ ಮಕ್ಕಳನ್ನು ನೀರಿಗೆ ಕಳಿಸಿದಳು. ಗೋಡೆಗೆ ಚುಚ್ಚಿದ್ದ ಸೂಜಿ ತಂದು, “ಕಣ್ ಮುಚ್ರಿ” ಎಂದಳು. ಅವನು ಮುಚ್ಚಿದ. ಸ್ವಲ್ಪ ಹೊತ್ತಾದ ಮೇಲೆ, “ಹೂಂ, ಚುಚ್ಚು” ಎಂದ. ಕಣ್ಣು ಬಿಟ್ಟರೆ ಅವನ ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ರಕ್ತದ ಹನಿಗಳಿದ್ದವು. ಅವಳು ಸೂಜಿ ಹಿಡಿದುಕೊಂಡೇ ಅಳುತ್ತಿದ್ದಳು. ಅವನ ಬೆನ್ನಿನ ಮೇಲೆ ಅಂಗೈಯಗಲದ ಬಿಳಚಿಕೊಂಡ ಮಚ್ಚೆಯೊಂದನ್ನು ಅವಳು ವರ್ಷಗಳಿಂದ ನೋಡಿದ್ದಳು. ಸಿಬ್ಬು ಎಂದು ಇಬ್ಬರೂ ತಿಳಿದಿದ್ದರು. ಈಗ ಇಬ್ಬರಿಗೂ ಆ ಇನ್ನೊಂದು ಹೆಸರು ಹೊಳೆಯಿತು. ಊರಿನಲ್ಲಿ ಕುಷ್ಠವನ್ನು ದೊಡ್ಡ ರೋಗ ಎನ್ನುತ್ತಿದ್ದರು.

ಮಸ್ತಾನಸಾಬ್ ಊಟ ಮಾಡದೆ ಎದ್ದ. “ನನ್ ಜತಿ ಅಂಗಡಿಗೆ ಬಾ” ಎಂದ. ಸುಗ್ರಾಬಿ ಹಿಂದೆಂದೂ ಅಂಗಡಿಯೊಳಕ್ಕೆ ಕಾಲಿಟ್ಟವಳಲ್ಲ. ಸೆರಗು ಹೊದ್ದು ಅವನ ಹಿಂದೆ ನಡೆದಳು. ವಾಮದೇವಪ್ಪನವರ ಆ ಟೈರು ಮೂಲೆಯಲ್ಲೇ ಬಿದ್ದಿತ್ತು. ಅವನು ಅದನ್ನು ಅವಳ ಮುಂದೆ ಉರುಳಿಸಿ ತಂದು ಬಾಯಿ ಅಗಲಿಸಿ ಹಿಡಿದ.

“ಒಳಗೆ ಕೈಯಾಡ್ಸು. ಮೆಲ್ಲಕ.”

ಕಾಲು ಸುತ್ತು ಹೋಗಿರಲಿಲ್ಲ. “ಯಾ ಅಲ್ಲಾ!” ಎಂದು ಅವಳು ಕೈ ಹಿಂದಕ್ಕೆಳೆದುಕೊಂಡಳು. ಬೆರಳು ಗೀರಿ ರಕ್ತ ಬಂದಿತ್ತು. ಅವನು ಆ ಜಾಗಕ್ಕೆ ಚಿಮಟ ಹಾಕಿ ಎಳೆದ. ಲಾಳದ ಮೊಳೆಯ ತುದಿ. ಅದೇ ಜಾಗದ ಮೇಲೆ ತನ್ನ ಬೆರಳು ಹತ್ತು ಸಲ ಹಾದುಹೋಗಿದೆ ಎಂದು ಅವನಿಗೆ ಗೊತ್ತಿತ್ತು. ಅವನು ನೆಲದ ಮೇಲೆ ಕೂತುಬಿಟ್ಟ. ರೋಗಕ್ಕಿಂತ ಮೊದಲು ಅವನ ಮನಸ್ಸಿಗೆ ಬಂದದ್ದು ಕೆಂಚವೀರಪ್ಪನ ಮುಖ.

ಸರ್ಕಾರಿ ಆಸ್ಪತ್ರೆಗೆ ಹೋದರು. ವಯಸ್ಸಾದ ಡಾಕ್ಟರು ಅವನ ಮೊಳಕೈಯ ನರ ಒತ್ತಿ ನೋಡಿದರು, ಬೆನ್ನಿನ ಮಚ್ಚೆಗೆ ಗರಿ ತಾಗಿಸಿ ನೋಡಿದರು. “ಹೌದು, ಅದೇ” ಎಂದರು. “ಈಗ ಔಷಧ ಐತೆ, ಹೆದರಬ್ಯಾಡ. ಮಾತ್ರೆ ಬಿಡದಂಗೆ ವರ್ಷಗಟ್ಲೆ ತಗೋಬೇಕು. ರೋಗ ಅಲ್ಲಿಗೇ ನಿಲ್ತೈತೆ. ಆದ್ರೆ ಹೋದ ಸ್ಪರ್ಶ ತಿರುಗಿ ಬರ್ತೈತೆ ಅಂತ ನಾ ಹೇಳಲ್ಲ.” ಹೆಂಡತಿ ಮಕ್ಕಳನ್ನೂ ಪರೀಕ್ಷಿಸಿದರು. ಅವರಿಗೇನೂ ಇರಲಿಲ್ಲ. ಹೊರಡುವಾಗ ಡಾಕ್ಟರು, “ಇದನ್ನ ಊರ ತುಂಬ ಹೇಳ್ಕೋತ ಹೋಗಬ್ಯಾಡ. ರೋಗಕ್ಕಿಂತ ಜನ ಕೆಟ್ಟೋರು” ಎಂದರು.

ಸುಗ್ರಾಬಿಯೇ ಕೆಲಸಕ್ಕೆ ದಾರಿ ಹುಡುಕಿದಳು. ಹಿಂಜಿದ ಹತ್ತಿಯ ಒಂದು ಉಂಡೆ ಕೊಟ್ಟು, ಬೆರಳ ಬದಲು ಇದನ್ನು ಟೈರಿನೊಳಗೆ ಆಡಿಸಿರಿ ಎಂದಳು. ಮುಳ್ಳಿದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ಉಳಿಯುತ್ತಿತ್ತು. ಪಿಂಜಾರನ ಮಗನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವನು ನಾಚಿದ. ಚಕ್ರಗಳು ಹಿಂದಿರುಗಿ ಬರುವುದು ನಿಂತಿತು. ಬಿಸಿ ಕಬ್ಬಿಣ ಹಿಡಿಯುವಾಗ ಕೈಗೆ ಗೋಣಿತಟ್ಟು ಸುತ್ತಿಕೊಂಡ. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿರಲಿಲ್ಲ. ಹಾಗೆಯೇ ಬಾಯಿ ಮುಚ್ಚಿಕೊಂಡಿದ್ದರೆ ಜೀವನ ಸಾಗುತ್ತಿತ್ತು.

ಆದರೆ ಕೆಂಚವೀರಪ್ಪ ದಿನಾ ಬಂದು ಕೂರುತ್ತಿದ್ದ. ಕಳ್ಳ ಡ್ರೈವರು ಎಂಬ ಹೆಸರು ಮಂಡಿಯಿಂದ ಮಂಡಿಗೆ ಹಬ್ಬಿತ್ತು, ಯಾವ ಸಾಹುಕಾರನೂ ಅವನಿಗೆ ಕೆಲಸ ಕೊಡಲಿಲ್ಲ. ಹೆಂಡತಿ ಹಂಪವ್ವ ಶೇಂಗಾ ಗಿರಣಿಗೆ ಕೂಲಿಗೆ ಹೋಗತೊಡಗಿದ್ದಳು. ಗಂಡಸು ಮನೆಯಲ್ಲಿ ಕೂರಲಾರದೆ ಇಲ್ಲಿಗೆ ಬರುತ್ತಿದ್ದ. ಒಂದು ದಿನವಾದರೂ ಮಸ್ತಾನಸಾಬನನ್ನು ಬೈಯಲಿಲ್ಲ. “ಟ್ಯೂಬೇ ಕೆಟ್ಟಿದ್ವು ಬಿಡು. ನಿನ್ ಕೈ ನಂಗೆ ಗೊತ್ತಿಲ್ಲೇನು?” ಎನ್ನುತ್ತಿದ್ದ. ಎಂದಿನ ಹಾಗೆ ಚಹಾ ಬಸಿಗೆ ಹೊಯ್ದು ತಳ್ಳುತ್ತಿದ್ದ. ಮಸ್ತಾನಸಾಬ್ ಈಗ ಹೊಟ್ಟೆ ಸರಿ ಇಲ್ಲ, ಹಲ್ಲು ನೋವು ಎಂದು ಏನಾದರೊಂದು ನೆವ ಹೇಳುತ್ತಿದ್ದ. ಕೆಂಚವೀರಪ್ಪ ಎರಡನ್ನೂ ತಾನೇ ಕುಡಿದು, ಏನೋ ಬೇಸರವಾಗಿದೆ ಇವನಿಗೆ ಎಂಬಂತೆ ನೋಡುತ್ತಿದ್ದ.

“ನಾನು ಹೋಗಿ ಸಾವ್ಕಾರ್ರಿಗೆ ಹೇಳ್ತೀನಿ” ಎಂದು ಮಸ್ತಾನಸಾಬ್ ಹೆಂಡತಿಗೆ ಹೇಳಿದ.

“ಹೇಳ್ಬ್ಯಾಡ್ರಿ” ಎಂದಳು ಸುಗ್ರಾಬಿ. “ಎರಡು ಹೆಣ್ ಹಡೆದೀವಿ. ಡಾಕ್ಟರ್ ಏನಂದ್ರು, ಮರ್ತ್ರೇನು?”

“ಅವನು ಕಳ್ಳ ಅನ್ನಿಸ್ಕೊಂಡಾನಲ್ಲ, ನನ್ ಬೆರಳಿಂದ.”

ಅವಳು ಮರುದಿನ ಬೆಳಿಗ್ಗೆ ಅವನ ಒಗೆದ ಅಂಗಿ ತೆಗೆದಿಟ್ಟಳು. ಅದರ ಅರ್ಥ ಹೋಗಿ ಎಂದೋ, ಹೋಗುವುದನ್ನು ತಡೆಯಲಾರೆ ಎಂದೋ, ಅವನು ಕೇಳಲಿಲ್ಲ.

ಮಂಡಿಯಲ್ಲಿ ವಾಮದೇವಪ್ಪನವರು ಬಿಳಿ ಗಾದಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಇಬ್ಬರು ಗುಮಾಸ್ತರು. ಮಸ್ತಾನಸಾಬ್ ಮೆಟ್ಟಿಲ ಕೆಳಗೇ ನಿಂತು ಎಲ್ಲ ಹೇಳಿದ. ಬೆರಳು ಸತ್ತಿದೆ, ಮೊಳೆ ತಿಳಿಯಲಿಲ್ಲ, ಆಸ್ಪತ್ರೆಯಲ್ಲಿ ಹೀಗೆ ಹೇಳಿದರು, ಮಾತ್ರೆ ತಿನ್ನುತ್ತಿದ್ದೇನೆ, ಕೆಂಚವೀರಪ್ಪನದು ಒಂದಿಷ್ಟೂ ತಪ್ಪಿಲ್ಲ. ನಂಬಲಿ ಎಂದು ಎರಡೂ ಕೈ ಮುಂದೆ ಚಾಚಿದ.

ಒಬ್ಬ ಗುಮಾಸ್ತ ಎದ್ದು ಒಳಗೆ ಹೋದ. ವಾಮದೇವಪ್ಪನವರು ಚಾಚಿದ ಕೈಗಳನ್ನು ನೋಡಿದರು. ತಮಗರಿವಿಲ್ಲದೆಯೇ ಪಂಚೆಯ ಅಂಚನ್ನು ಒಳಗೆ ಎಳೆದುಕೊಂಡರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

“ಪಾಪ” ಎಂದರು. “ನಿನ್ ಬಗ್ಗೆ ತಪ್ಪು ತಿಳಿದಿದ್ದೆ ಸಾಬ. ಅವನ ಬಗ್ಗೇನೂ ತಪ್ಪು ತಿಳಿದಿದ್ದೆ.”

“ಹಂಗಾದ್ರೆ ಅವನ್ನ ವಾಪಸ್ ಕರೀರಿ ಸಾವ್ಕಾರ್ರೆ.”

“ಹೆಂಗೆ ಕರೀಲಿ? ಅವನು ನಿನ್ ಬಸೀಲಿ ಚಾ ಕುಡೀತಿದ್ದ, ಊರೇ ನೋಡೈತೆ. ನನ್ ಮೊಮ್ಮಕ್ಕಳನ್ನ ಅದೇ ಕೈಲಿ ಎತ್ತಿ ಕಾರಿನಾಗೆ ಕೂರಿಸ್ತಿದ್ದ. ಮನ್ಯಾಗೆ ಹೆಂಗಸ್ರು ಒಪ್ತಾರೇನು? ಮೊದ್ಲೇ ಮಗಳಿಗೆ ಒಂದು ಸಂಬಂಧ ತಪ್ಪೈತೆ.”

“ಡಾಕ್ಟರು ಹಂಗೆ ಅಂಟಲ್ಲ ಅಂದಾರ್ರಿ.”

“ಡಾಕ್ಟರಿಗೆ ನನ್ ಮಗಳ ಮದುವಿ ಮಾಡಾದಿಲ್ಲ.” ಅವರು ಮುಖ ತಿರುಗಿಸಿದರು. “ಹೋಗಪ್ಪ. ನಿಂಗೆ ದೇವ್ರು ಒಳ್ಳೇದು ಮಾಡ್ಲಿ.”

ಅವನು ಬೀದಿಯ ತಿರುವು ದಾಟುವಾಗ ಹಿಂದೆ ನೀರು ಸುರಿಯುವ ಸದ್ದು ಕೇಳಿತು. ಒಳಗೆ ಹೋಗಿದ್ದ ಗುಮಾಸ್ತ ಕೊಡ ತಂದು ಅವನು ನಿಂತಿದ್ದ ಕಲ್ಲನ್ನು ತೊಳೆಯುತ್ತಿದ್ದ.

ಹೊತ್ತು ಮುಳುಗುವುದರೊಳಗೆ ಸುದ್ದಿ ಹತ್ತಿ ಮಾರುಕಟ್ಟೆಯೆಲ್ಲ ಸುತ್ತಿತು. ಮರುದಿನ ಅಂಗಡಿಗೆ ಒಂದು ಚಕ್ರವೂ ಬರಲಿಲ್ಲ. ಹೋಟೆಲಿನವನು ಒಂದು ಕಪ್ಪು, ಒಂದು ಬಸಿಯನ್ನು ಹೊರಗೋಡೆಗೆ ಒಡೆದು ಹಾಕಿದ್ದು ಅಂಗಡಿಯಿಂದಲೇ ಕಾಣಿಸಿತು. ಸಂಜೆಯ ಹೊತ್ತಿಗೆ ಕೆಂಚವೀರಪ್ಪ ಬಂದ. ರಸ್ತೆಯ ಆಚೆ ಬದಿಯಲ್ಲಿ ನಿಂತ. ಈಚೆಗೆ ದಾಟಲಿಲ್ಲ. ಮಸ್ತಾನಸಾಬ್ ಎದ್ದು ನಿಂತ.

“ಯಾರ್ ಹೇಳು ಅಂದಿದ್ರು ನಿಂಗೆ?” ಕೆಂಚವೀರಪ್ಪ ಅಲ್ಲಿಂದಲೇ ಕೂಗಿದ.

“ಕೆಂಚಣ್ಣ, ನಿನ್ ಮ್ಯಾಲಿನ ಕಳ್ಳತನದ ಮಾತು ಹೋಗ್ಲಿ ಅಂತ—”

“ಕಳ್ಳ ಅಂದ್ರು, ತಡ್ಕೊಂಡಿದ್ದೆ. ನಾಳೆ ಬ್ಯಾರೆ ಊರಿಗೆ ಹೋದ್ರೆ ಆ ಹೆಸ್ರು ಇಲ್ಲೇ ಬಿಟ್ಟು ಹೋಗ್ಬೋದಿತ್ತು. ಈಗ ಹಂಪವ್ವನ್ನ ಗಿರಣಿಯಿಂದ ಹೊರಗೆ ಹಾಕ್ಯಾರೆ. ಮಕ್ಕಳ ಪಕ್ಕ ಯಾರೂ ಕೂರವಲ್ರು. ನಮ್ಮವ್ವ ನನ್ ತಟ್ಟೆ ಬ್ಯಾರೆ ಇಟ್ಟಾಳೆ, ನಮ್ಮವ್ವ!” ಅವನ ದನಿ ಒಡೆಯಿತು. “ಗೊತ್ತಾದ ದಿನಾನೇ ನಂಗೊಬ್ಬಂಗೆ ಹೇಳಿದ್ರೆ ಆಗ್ತಿರಲಿಲ್ಲೇನು? ಚಾ ಬ್ಯಾಡ, ಹಲ್ಲು ನೋವು ಅಂತಿದ್ಯಲ್ಲ! ನಂಗೆ ಹೇಳಿದ್ರೆ ಸಾವ್ಕಾರನ ಹತ್ರ ಹೋಗಬ್ಯಾಡ ಅಂತ ನಿನ್ ಕಾಲು ಹಿಡೀತಿದ್ದೆ.”

ಮಸ್ತಾನಸಾಬ್ ಆಸ್ಪತ್ರೆಗೆ ಹೋಗಿ ಒಮ್ಮೆ ತೋರಿಸಿಕೊಂಡು ಬಾ ಎಂದು ಹೇಳಬೇಕೆಂದಿದ್ದ. ಆ ಮಾತು ಈಗ ಬೈಗುಳದ ಹಾಗೆ ಕೇಳಿಸೀತು ಎಂದು ನುಂಗಿಕೊಂಡ. ಕೆಂಚವೀರಪ್ಪ ಬಂದ ದಾರಿಯಲ್ಲೇ ತಿರುಗಿ ಹೋದ. ಕೆಲವೇ ದಿನಗಳಲ್ಲಿ ಸಂಸಾರ ಕಟ್ಟಿಕೊಂಡು ಹುಬ್ಬಳ್ಳಿಯ ಕಡೆ ಹೋದನೆಂದೂ, ಅಲ್ಲಿ ಕಲ್ಲಿನ ಲಾರಿ ಓಡಿಸುತ್ತಿದ್ದಾನೆಂದೂ ಯಾರೋ ಹೇಳಿದರು. ಅವರಿಬ್ಬರೂ ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ.

ಅಂಗಡಿಯ ಜಾಗದವರು ಬಿಡಿ ಎಂದರು. ಬಾಡಿಗೆ ಮನೆಯ ಮಾಲೀಕರೂ ಬಿಡಿ ಎಂದರು. ಸಾಮಾನು ಗಾಡಿಗೆ ಹೇರಿ ಹರಿಹರಕ್ಕೆ ಹೊರಟರು. ಅಲ್ಲಿ ಮಸ್ತಾನಸಾಬನ ಅಕ್ಕ ಮಾಬೂಬೀಯ ಮನೆ ಇತ್ತು. ಸುದ್ದಿ ಗಾಡಿಗಿಂತ ಮೊದಲೇ ತಲುಪಿತ್ತು. ಮಾಬೂಬೀ ಬಾಗಿಲಲ್ಲಿ ನಿಂತು ಅತ್ತಳು. ಇಬ್ಬರು ಹುಡುಗಿಯರನ್ನೂ ತಬ್ಬಿಕೊಂಡು ಒಳಗೆ ಕಳಿಸಿದಳು. ಆಮೇಲೆ ತಮ್ಮನಿಗೆ, “ಮಕ್ಕಳು ನನ್ ಹತ್ರ ಇರ್ಲಿ. ದೊಡ್ಡಾಕಿ ಖತೀಜಾಗೆ ಇನ್ನು ನಾಲ್ಕು ವರ್ಷಕ್ಕೆ ಮದುವಿ ಮಾಡಬೇಕು. ನಮ್ ತಮ್ಮನ ಮಗಳು, ಅಪ್ಪ ಅವ್ವ ಇಲ್ಲ ಅಂತ ಹೇಳಿ ಮಾಡ್ತೀನಿ. ನೀ ಈ ಕಡೆ ಬರಬ್ಯಾಡ” ಎಂದಳು. ಸುಗ್ರಾಬಿಯ ಕಡೆ ತಿರುಗಿ, “ನೀನು ಬೇಕಾದ್ರೆ ಮಕ್ಕಳ ಜತಿ ಇರು” ಎಂದಳು.

ಸುಗ್ರಾಬಿ ಒಳಗೆ ಹೋಗಿ ಮಕ್ಕಳ ತಲೆ ಬಾಚಿ ಜಡೆ ಹಾಕಿದಳು. ಹೊರಗೆ ಬಂದು ಗಾಡಿ ಹತ್ತಿ ಗಂಡನ ಪಕ್ಕ ಕೂತಳು. ಗಾಡಿ ಬೀದಿ ದಾಟುವವರೆಗೆ ಸಣ್ಣವಳ ಅಳು ಕೇಳುತ್ತಿತ್ತು.

ಗುತ್ತೂರಿನ ಹಾದಿಯಲ್ಲಿ, ಹೊಸದಾಗಿ ಕಾರ್ಖಾನೆಗಳೇಳುತ್ತಿದ್ದ ಕಡೆ, ರಸ್ತೆಯ ಪಕ್ಕದಲ್ಲಿ ಗುಡಿಸಲು ಹಾಕಿಕೊಂಡರು. ಅಲ್ಲಿ ಹೊರ ಊರಿನ ಲಾರಿಗಳು, ಸಾಹೇಬರ ಕಾರುಗಳು ಓಡಾಡುತ್ತಿದ್ದವು. ಅವರಿಗೆ ಇವರ ಕಥೆ ಗೊತ್ತಿರಲಿಲ್ಲ. ಸುಗ್ರಾಬಿಯೇ ಹೊರಗೆ ಕೂತು ಪಂಚರು ಹಾಕತೊಡಗಿದಳು. ಹೆಂಗಸು ಟೈರು ಬಿಚ್ಚುವುದನ್ನು ನೋಡಲು ಮೊದಮೊದಲು ಜನ ನಿಲ್ಲುತ್ತಿದ್ದರು. ಕೆಲವರು ಹೊಲಸು ಮಾತಾಡಿದರು. ಅವಳು ತಲೆ ಎತ್ತಲಿಲ್ಲ. ಮಸ್ತಾನಸಾಬ್ ಗೋಣಿಯ ಪರದೆಯ ಹಿಂದೆ ಕೂತು, ಪಂಪಿನ ಸದ್ದು, ರಬ್ಬರು ಉಜ್ಜುವ ಸದ್ದು ಕೇಳಿಸಿಕೊಂಡು ಕೆಲಸ ಹೇಳಿಕೊಡುತ್ತಿದ್ದ. ಇನ್ನೊಂಚೂರು ಉಜ್ಜು, ಸಲ್ಯೂಷನ್ ಒಣಗಲಿ, ಅವಸರ ಬ್ಯಾಡ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಬಲಗೈಯ ಎರಡು ಬೆರಳು ಕೊಕ್ಕೆಯ ಹಾಗೆ ಬಾಗಿದವು. ಕಾಲಿಗೊಂದು ಹುಣ್ಣಾಗಿ ಮಾಯದೆ ಉಳಿಯಿತು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಖತೀಜಾಬೀಯ ಮದುವೆ ಹರಿಹರದಲ್ಲಿ ಆಯಿತು. ಮದುವೆಯ ದಿನ ಬೆಳಿಗ್ಗೆಯಿಂದ ಮಸ್ತಾನಸಾಬ್ ಪರದೆ ಬಿಟ್ಟು ಹೊರಗೆ ಬರಲಿಲ್ಲ. ಸುಗ್ರಾಬಿ, “ನಾನಾದ್ರೂ ದೂರದಿಂದ ನೋಡ್ಕೊಂಡು ಬರ್ಲೇನ್ರಿ?” ಎಂದು ಕೇಳಿದಳು. ಹೋಗು ಎಂದ. ಅವಳು ಸೆರಗು ಹೊದ್ದಳು. ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಮದುವೆಗೇ ಹೊರಟಿದ್ದವರು, ಗಂಡಿನ ಕಡೆಯವರು. ಮುಂದಿನ ಚಕ್ರ ಕೂತಿತ್ತು.

“ಬೇಗ ಆಗ್ತೈತೇನಮ್ಮ? ನಿಕಾಕ್ಕೆ ಹೊತ್ತಾತು” ಎಂದ ಇಳಿದವನು. ಯಾವ ಮದುವೆ ಎಂದು ಅವಳು ಕೇಳಿದಳು. ಹೇಳಿದ. ಅವಳು ಹೊದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತು ಚಕ್ರ ಬಿಚ್ಚಿದಳು. ಟೈರು ಎಬ್ಬಿಸುವ ಲಿವರು ಜಾರಿತು. ಒಳಗಿನಿಂದ ಮಸ್ತಾನಸಾಬ್ ಅಭ್ಯಾಸಬಲದಿಂದ, “ಮೆಲ್ಲಕ, ಟ್ಯೂಬು ಕಚ್ಚೀತು” ಎಂದುಬಿಟ್ಟ.

ಕಾರಿನವನು ಪರದೆಯ ಕಡೆ ನೋಡಿದ. “ಒಳಗೆ ಯಾರದು? ಗಂಡಸು ಕೂತ್ಕೊಂಡು ಹೆಂಗಸಿನ ಕೈಲಿ ಕೆಲಸ ಮಾಡಿಸ್ತಾನಾ?” ಎಂದು ಪರದೆ ಸರಿಸಲು ಎರಡು ಹೆಜ್ಜೆ ಇಟ್ಟ.

“ಯಾರೂ ಇಲ್ರಿ” ಎಂದಳು ಸುಗ್ರಾಬಿ, ಅಡ್ಡ ಬಂದು. “ನಾನೊಬ್ಬಾಕೀನೇ.”

ಅವನು ಹುಬ್ಬು ಗಂಟಿಕ್ಕಿ ಅವಳನ್ನು ನೋಡಿ, ಅವಸರದಲ್ಲಿ ಸುಮ್ಮನಾದ. ಅವಳು ಟೈರಿನೊಳಗೆ ಕೈಯಾಡಿಸಿ ಮುಳ್ಳು ತೆಗೆದು, ತೇಪೆ ಹಾಕಿ, ಚಕ್ರ ತೊಡಿಸಿ, ಗಾಳಿ ತುಂಬಿ ಕಳಿಸಿದಳು. ಕಾರು ಧೂಳೆಬ್ಬಿಸಿ ಹರಿಹರದ ಕಡೆ ಹೋಯಿತು. ಆಮೇಲೆ ಪರದೆ ಸರಿಸಿ ಒಳಗೆ ಬಂದಳು. ಗಂಡನ ಎದುರು ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಮಸ್ತಾನಸಾಬ್ ಅವಳು ಅಳುವುದು ನಿಲ್ಲುವವರೆಗೆ ಕಾದ. “ಮುಳ್ಳು ಸಿಕ್ತೇನು?” ಎಂದು ಕೇಳಿದ.

“ಸಿಕ್ತು. ಜಾಲಿಮುಳ್ಳು.”

“ಇನ್ನೊಂದು ಇರಲಿಲ್ಲ ಅಂತ ಪೂರ್ತಿ ಸುತ್ತು ನೋಡಿದೇನು?”

“ಎರಡು ಸಲ ನೋಡಿದೆ.”

“ಹಂಗಾದ್ರೆ ಹೊತ್ತಿಗೆ ಸರಿಯಾಗಿ ಮುಟ್ತಾರೆ” ಎಂದ. ಅವಳು ಎದ್ದು ಮುಖ ತೊಳೆದುಕೊಂಡಳು. ಗಂಡಿನ ಕಡೆಯವರು ಅವಳ ಮುಖ ಕಂಡಿದ್ದರು, ಇನ್ನು ದೂರದಿಂದ ನೋಡಲೂ ಹೋಗುವ ಹಾಗಿರಲಿಲ್ಲ. ಕಾರ್ಖಾನೆಯ ಕಡೆಯಿಂದ ಬಂದ ಲಾರಿಯೊಂದು ಹೊರಗೆ ಹಾರ್ನು ಹೊಡೆಯುತ್ತಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಹೋದಳು.